ಕೂರುವ ಕೆಲಸದ ಕಲೋಲಾ

ನಮ್ಮಕ್ಕ ಕಲೋಲಾಳಿಗೆ ಲೋಕದಲ್ಲಿ ಒಂದೇ ಒಂದು ಕೆಲಸ ಬರುತ್ತಿತ್ತು. ಕೂರುವುದು. ಇದನ್ನು ನಾನು ಹೊಟ್ಟೆಕಿಚ್ಚಿಗೆ ಹೇಳುತ್ತೇನೆಂದು ಕೋನಾ ಸೀಮೆಯ ನಮ್ಮ ಕೊಲ್ಲಿಯ ಜನ ಅಂದುಕೊಳ್ಳುತ್ತಾರೆ. ಅಂದುಕೊಳ್ಳಲಿ, ಅದರಲ್ಲಿ ಅರ್ಧ ನಿಜವೂ ಇದೆ. ಆದರೆ ಅವಳು ಮೀನು ಸುಟ್ಟರೆ ಇದ್ದಿಲಾಗುತ್ತಿತ್ತು. ಕೇದಗೆ ಓಲೆಯ ಚಾಪೆ ಹೆಣೆದರೆ ಬಲೆಯಾಗುತ್ತಿತ್ತು. ಬಲೆ ಹೆಣೆದರೆ ಅದು ಏನಾಯಿತೆಂದು ಮೀನುಗಳಿಗೂ ತಿಳಿಯುತ್ತಿರಲಿಲ್ಲ. ಕೆಸುವಿನ ಗೆಡ್ಡೆ ಬೇಯಿಸಿ, ಕುಟ್ಟಿ, ಪೋಯಿ ಎಂಬ ಮುದ್ದೆ ಮಾಡಿ ಮನೆಯವರ ಹೊಟ್ಟೆ ತುಂಬಿಸುವುದು ಎಮಲಿಯಾ ಎಂಬ ನನ್ನ ಪಾಲಿಗೆ. ದೀವಿಹಲಸಿನ ಮರದಡಿ ಕಲ್ಲುಕಟ್ಟೆಯ ಮೇಲೆ ಕೂತು ಅದನ್ನು ಉಣ್ಣುವುದು ಅವಳ ಪಾಲಿಗೆ. ಕೂತು ಉಣ್ಣುವವರಿಗೆ ಕುಡಿಕೆ ಹೊನ್ನು ಸಾಲದು ಅನ್ನುತ್ತಾರೆ. ನಮ್ಮಲ್ಲಿ ಹೊನ್ನಂತೂ ಇರಲಿಲ್ಲ, ಕುಡಿಕೆಯೂ ಒಡಕು.

ಹಾಗೆಂದು ಅವಳು ಕೂರುವುದು ಎಲ್ಲರೂ ಕೂರುವ ಹಾಗಲ್ಲ. ನೀವು ನಾನು ಕೂತರೆ ಕಾಲು ಅಲ್ಲಾಡಿಸುತ್ತೇವೆ, ಮೂಗು ಉಜ್ಜುತ್ತೇವೆ, ದಾರಿಯಲ್ಲಿ ಹೋಗುವವರನ್ನು ತಿರುಗಿ ನೋಡುತ್ತೇವೆ. ಕಲೋಲಾ ಕೂತಳೆಂದರೆ ಕೂತಳು, ಅಷ್ಟೇ. ಕೋಳಿಗಳು ಅವಳ ಮಡಿಲನ್ನು ಗೂಡು ಅಂದುಕೊಂಡಿದ್ದವು. ಅವಳಿಗೆ ಹದಿನಾರಾಗಿದ್ದಾಗ ಒಂದು ಕೆಂಪು ಹೇಂಟೆ ಮಡಿಲಿಗೆ ಹತ್ತಿ ಮೊಟ್ಟೆಯನ್ನೇ ಇಟ್ಟಿತು. ಅದು ಇಟ್ಟು, ಕೂಗಿ, ಇಳಿದು ಹೋಗುವ ತನಕ ಅವಳು ಅಲುಗಲಿಲ್ಲ.

ಆ ದಿನ ದೋಣಿ ಕೆತ್ತುವ ಇಯೋನಾ ಏನೋ ಕೆಲಸಕ್ಕೆ ನಮ್ಮನೆಗೆ ಬಂದಿದ್ದ. ಮೊಟ್ಟೆಯ ಕಾರ್ಯಕ್ರಮವನ್ನು ಮೊದಲಿಂದ ಕೊನೆಯ ತನಕ ನಿಂತು ನೋಡಿದ. ಆಮೇಲೆ ಅಪ್ಪನನ್ನು ಪಕ್ಕಕ್ಕೆ ಕರೆದು, "ನಿನ್ನ ದೊಡ್ಡ ಮಗಳನ್ನ ನಂಗೆ ಕೊಡು" ಅಂದ.

ಅಪ್ಪನ ಮುಖ ಕೆಂಪಗಾಯಿತು. "ನಿನಗೆ ಹೆಂಡ್ತಿ ಇದಾಳೆ, ಮೊಮ್ಮಗೂ ಆಗೈತೆ. ನಾಚ್ಕೆ ಆಗಲ್ವೇನೋ" ಅಂದ.

"ಮದುವೆಗಲ್ಲ ಮಾರಾಯ. ಮರಕ್ಕೆ. ಮರದ ಹತ್ರ ಕೂರೋಕೆ."

ಹೀಗೆ ನಮ್ಮಕ್ಕನಿಗೆ ಕೆಲಸ ಸಿಕ್ಕಿತು. ದೋಣಿಗೆ ಬೇಕಾದ ಕೋವಾ ಮರ ಇರುವುದು ಬೆಟ್ಟದ ಮೇಲೆ, ಮಂಜು ಮುಸುಕುವ ಕಾಡಿನಲ್ಲಿ. ಮರ ಕಡಿದು ಬೀಳಿಸಿದ ಮೇಲೆ ಕೊಡಲಿಯವರೆಲ್ಲ ಜರಿಗಿಡಗಳ ಆಚೆಗೆ ಸರಿಯಬೇಕು. ಒಬ್ಬರು ಮಾತ್ರ ಬಿದ್ದ ಮರದ ಪಕ್ಕ ಕೂತು ಎಲೆಪಾಯೊ ಹಕ್ಕಿಗೆ ಕಾಯಬೇಕು. ಗುಬ್ಬಿಯಷ್ಟು ಹಕ್ಕಿ, ಕಂದು ಬಣ್ಣ, ಸೊಂಟದ ಹತ್ತಿರ ಬಿಳಿ, ಸದಾ ಎತ್ತಿ ಹಿಡಿದ ಬಾಲ. ಕಾಡಿನಲ್ಲಿ ಯಾರು ಬಂದರೂ ಯಾಕೆ ಬಂದಿರಿ ಎಂದು ವಿಚಾರಿಸದೆ ಬಿಡುವುದಿಲ್ಲ. ಅದು ಬಂದು ಮರದ ಬುಡದಿಂದ ತುದಿಯ ತನಕ ಎಲ್ಲೂ ಕುಕ್ಕದೆ ಓಡಿದರೆ ಮರ ಗಟ್ಟಿ, ದೋಣಿಗೆ ಆಗುತ್ತದೆ. ನಡುವೆ ನಿಂತು ಕುಕ್ಕಿತೋ, ಅಲ್ಲಿ ಒಳಗೆ ಹುಳ ಇದೆ ಎಂದೇ ಲೆಕ್ಕ. ಹುಳ ಮನುಷ್ಯನಿಗೆ ಕಾಣದಿರಬಹುದು, ಹುಳ ತಿಂದು ಬದುಕುವವರಿಗೆ ಕಾಣದೆ ಇರುತ್ತದೆಯೇ? ಆ ಹಕ್ಕಿಯ ವೇಷದಲ್ಲಿ ಬರುವವಳು ಕಾಡಿನ ಲೇಯಾ ತಾಯಿ ಎಂದು ಹಿರಿಯರು ಹೇಳುತ್ತಿದ್ದರು. ಭಾನುವಾರ ನಾವು ಯೇಸುವಿನವರು, ಬೆಟ್ಟ ಹತ್ತಿದರೆ ಲೇಯಾ ತಾಯಿಯವರು. ಇದು ಪಾದ್ರಿಗೂ ಗೊತ್ತಿತ್ತು. ಅವನು ತಿನ್ನುತ್ತಿದ್ದದ್ದೂ ನಮ್ಮ ದೋಣಿಯ ಮೀನನ್ನೇ, ಹಾಗಾಗಿ ಕೇಳುತ್ತಿರಲಿಲ್ಲ.

ಕೂರುವವರಿಗೆ ಒಂದು ಕಟ್ಟಳೆ ಇತ್ತು. ಹಕ್ಕಿ ಬಂದು ಹೋಗುವ ತನಕ ಮಾತಿಲ್ಲ, ಊಟವಿಲ್ಲ. ಕಟ್ಟಳೆ ಮುರಿದವರು ಮತ್ತೆಂದೂ ಕೂರುವ ಹಾಗಿಲ್ಲ.

ಮೂವತ್ತು ವರ್ಷದಲ್ಲಿ ಕಲೋಲಾ ಹದಿಮೂರು ಮರಗಳಿಗೆ ಕೂತಳು. ಐದಕ್ಕೆ ಹೌದು ಅಂದಳು, ಎಂಟಕ್ಕೆ ಬೇಡ ಅಂದಳು. ಹೌದು ಅಂದ ಐದರಲ್ಲಿ ಒಂದೂ ಹುಳ ಹಿಡಿಯಲಿಲ್ಲ. ಬೇಡ ಅಂದ ಒಂದು ಮರವನ್ನು ಪಕ್ಕದ ಕೊಲ್ಲಿಯ ಬುದ್ಧಿವಂತನೊಬ್ಬ, "ಹೆಂಗಸು ಹೇಳಿದ್ಲು, ಗುಬ್ಬಿ ಹೇಳ್ತು ಅಂತ ಇಂಥಾ ಮರ ಬಿಡ್ತಾರಾ" ಎಂದು ನಗುತ್ತಾ ಕೊಂಡುಹೋಗಿ ದೋಣಿ ಮಾಡಿದ. ಆರನೆಯ ತಿಂಗಳು ಅದು ನಡುನೀರಿನಲ್ಲಿ ಸೀಳಿತು. ಅವನು ಈಜಿಕೊಂಡು ದಡ ಸೇರಿದ್ದು ನಮ್ಮ ಕೊಲ್ಲಿಗೇ, ಅದೂ ಕಲೋಲಾ ಕೂತಿದ್ದ ಕಟ್ಟೆಯ ಎದುರಿಗೇ. ಅವಳು ಅವನನ್ನು ನೋಡಿ, ಕಟ್ಟೆಯ ಮೇಲೆ ಚೂರು ಸರಿದು ಜಾಗ ಕೊಟ್ಟಳು. ಅಲ್ಲಿಂದ ಮುಂದೆ ಮರದ ವಿಷಯದಲ್ಲಿ ಅವಳ ಮಾತಿಗೆ ಎರಡು ಮಾತಿಲ್ಲವಾಯಿತು.

ನನಗೆ ಇದು ಹಿಡಿಸುತ್ತಿತ್ತು ಅಂದರೆ ಸುಳ್ಳಾದೀತು. ಬೆಳಗಾದರೆ ಬೈಗಾದರೆ ದುಡಿಯುವವಳು ನಾನು. ಮದುವೆಯಾಗಿ, ಗಂಡನನ್ನು ಮಣ್ಣು ಮಾಡಿ, ತವರಿಗೆ ಮರಳಿ ಮತ್ತೆ ದುಡಿದವಳು ನಾನು. ಅವಳಿಗೂ ಎರಡು ಗಂಡು ಬಂದಿದ್ದವು. ಅವಳು ಎದ್ದು ಬಾಗಿಲಿಗೆ ಹೋಗುವಷ್ಟರಲ್ಲಿ ಇಬ್ಬರೂ ಕಾದು ಸುಸ್ತಾಗಿ ಹೊರಟುಹೋಗಿದ್ದರು. ಇಷ್ಟಾದರೂ ಪೇಟೆಯಲ್ಲಿ ನನ್ನನ್ನು ಕಂಡವರು ಕೇಳುತ್ತಿದ್ದದ್ದು, "ನೀನು ಕಲೋಲಾನ ತಂಗಿ ಅಲ್ವಾ?" ಎಂದೇ.

ಕಲೋಲಾಳಿಗೆ ನಲವತ್ತನಾಲ್ಕಾದ ವರ್ಷ, ಚಳಿಗಾಲದ ಬಿರುಗಾಳಿಗೆ ನಮ್ಮ ಕೊಲ್ಲಿಯ ದೊಡ್ಡ ದೋಣಿ ಕಪ್ಪು ಬಂಡೆಗೆ ಬಡಿದು ಎರಡು ಹೋಳಾಯಿತು. ಸಣ್ಣ ದೋಣಿಗಳಿದ್ದವು, ಆದರೆ ಒಪೆಲು ಮೀನಿನ ಹಿಂಡು ಇರುವ ಆಳದ ನೀರಿಗೆ ಅವು ಹೋಗಲಾರವು. ಒಪೆಲು ಇಲ್ಲದಿದ್ದರೆ ನಮ್ಮ ಕೊಲ್ಲಿಯಲ್ಲಿ ಉಳಿಯುವುದು ಬಂಡೆ ಮತ್ತು ಮೇಕೆ. ನಾಲ್ಕು ಮನೆಯವರು ಆಗಲೇ ದನ ಮೇಯಿಸುವ ಕೂಲಿಗೆ ಬೆಟ್ಟದ ಆಚೆ ಹೋಗುವ ಮಾತಾಡುತ್ತಿದ್ದರು.

ಇಯೋನಾ ಆಗ ಎಪ್ಪತ್ತೆಂಟರ ಅಜ್ಜ. ಒಂದು ಕಣ್ಣಿಗೆ ಪೊರೆ ಬಂದಿತ್ತು, ಮೊಣಕಾಲು ಮೆಟ್ಟಿಲು ಕಂಡರೆ ಬೈಯುತ್ತಿತ್ತು. ಅಷ್ಟು ದೊಡ್ಡ ದೋಣಿ ಕೆತ್ತಬಲ್ಲವನು ಮಾತ್ರ ಅವನೊಬ್ಬನೇ. ಎರಡು ವರ್ಷ ಅಳಿಯ ಮಕಾಯೊನ ಹೆಗಲು ಹಿಡಿದು ಕಾಡು ಸುತ್ತಿದ. ಕೊನೆಗೆ ಏಳು ಮಾರು ಉದ್ದದ ನೇರ ಮರ ಸಿಕ್ಕಿತು. "ಇದೊಂದು ಕೆತ್ತಿ ಮಲಗ್ತೀನಿ" ಅಂದ. ಅವನು ಹೇಳಿದ ನಿದ್ದೆ ಯಾವುದೆಂದು ಯಾರೂ ಕೇಳಲಿಲ್ಲ.

ಮೂರು ದಿನ ಕಡಿದು ಮರ ಬೀಳಿಸಿದರು. ಗುರುವಾರ ಬೆಳಿಗ್ಗೆ ಕಲೋಲಾಳನ್ನು ಕರೆದೊಯ್ಯಲು ಮಕಾಯೊ ಕತ್ತೆ ಹಿಡಿದುಕೊಂಡು ಬಂದ. ಕಾಫಿ ಮೂಟೆ ಹೊತ್ತು ಪಳಗಿದ ಕತ್ತೆ ಅದು. ಕಲೋಲಾಳನ್ನು ಮೇಲಿಂದ ಕೆಳಗೆ ನೋಡಿ ಎರಡು ಹೆಜ್ಜೆ ಹಿಂದೆ ಸರಿಯಿತು.

"ಅತ್ತೆ, ಮೂಟೆಗಾದ್ರೆ ಎರಡು ಸಲ ಹೋಗಿ ಬರಬಹುದಿತ್ತು. ನಿಮ್ಮನ್ನ ಹೆಂಗೆ ಅರ್ಧ ಮಾಡೋದು?" ಅಂದ ಮಕಾಯೊ.

"ಅರ್ಧ ದಾರಿ ನಾನು ಕತ್ತೆ ಮೇಲೆ, ಇನ್ನರ್ಧ ನಿನ್ನ ಮೇಲೆ. ಸರಿಹೋಯ್ತಲ್ಲ" ಅಂದಳು ಕಲೋಲಾ.

ನಾನು ಹಿಂದಿನ ದಿನವೇ ಭಾನುವಾರದ ಚರ್ಚಿನ ಊಟಕ್ಕೆಂದು ಕುಲೋಲೊ ಮಾಡಿಟ್ಟಿದ್ದೆ. ಕೆಸುವಿನ ಗೆಡ್ಡೆ ತುರಿದು, ತೆಂಗಿನ ಹಾಲು, ಸಕ್ಕರೆ ಬೆರೆಸಿ, ಎಲೆಯಲ್ಲಿ ಕಟ್ಟಿ, ಬಿಸಿಕಲ್ಲಿನ ಕುಳಿಯಲ್ಲಿ ಇಡೀ ದಿನ ಬೇಯಿಸಿದ್ದು. ಹಲ್ಲಿಗೆ ಹಿಡಿದರೆ ಪ್ರಾರ್ಥನೆ ಮುಗಿಯುವ ತನಕ ಬಿಡದು. ಎಂಟು ಕಟ್ಟು ಇಟ್ಟಿದ್ದೆ. ಅವರು ಹೊರಟ ಮೇಲೆ ನೋಡಿದರೆ ಏಳಿದ್ದವು. ಇಲಿ ಅಂದುಕೊಂಡು ಬೆಕ್ಕಿಗೆ ಬೈದೆ.

ಶುಕ್ರವಾರ ಮಧ್ಯಾಹ್ನ ಅವರು ಇಳಿದು ಬಂದರು. ಮುಂದೆ ಕತ್ತೆ, ಅದರ ಹಿಂದೆ ಮಕಾಯೊ, ಅವನ ಹೆಗಲು ಹಿಡಿದ ಇಯೋನಾ. ಕಲೋಲಾ ಕೊನೆಯಲ್ಲಿ ನಡೆದೇ ಬರುತ್ತಿದ್ದಳು. ಅದನ್ನು ಕಂಡೇ ಸುದ್ದಿ ಕೆಟ್ಟದ್ದೆಂದು ನನಗೆ ತಿಳಿಯಿತು.

"ಮಧ್ಯದಲ್ಲಿ ನಿಂತು ಕುಕ್ತಂತೆ," ಅಂದ ಮಕಾಯೊ. "ಸರಿಯಾಗಿ ದೋಣಿ ಹೊಟ್ಟೆ ಬರೋ ಜಾಗದಲ್ಲಿ. ಏಳು ಸಲ."

ಊರಿಗೆ ಸಾವಿನ ಮನೆಯ ಕಳೆ ಬಂತು. ಯಾರೂ ಕಲೋಲಾಳ ಮೇಲೆ ಸಿಟ್ಟಾಗಲಿಲ್ಲ. ಹಕ್ಕಿ ಹೇಳಿದ್ದನ್ನು ಅವಳು ಹೇಳಿದಳು, ಅವಳೇನು ಮಾಡಿಯಾಳು. ಇಯೋನಾ ಮನೆಯ ಮುಂದೆ ಕೂತು, "ಸೋಮವಾರ ಗರಗಸ ತಗೊಂಡು ಹೋಗಿ ಕುಯ್ದುಬಿಡಿ. ಪೋಯಿ ಕುಟ್ಟೋ ಹಲಗೆಗಾದ್ರೂ ಆಗ್ಲಿ" ಅಂದ. ಮತ್ತೆ ಹುಡುಕೋಣ ಎಂದು ಅವನೂ ಅನ್ನಲಿಲ್ಲ, ಬೇರೆಯವರೂ ಅನ್ನಲಿಲ್ಲ.

ಅವತ್ತು ಸಂಜೆ ಕಲೋಲಾ ಉಣ್ಣಲಿಲ್ಲ. ಶನಿವಾರ ಬೆಳಿಗ್ಗೆಯೂ ಇಲ್ಲ. ಈ ಸುದ್ದಿ ಮರದ ಸುದ್ದಿಗಿಂತ ಬೇಗ ಹಬ್ಬಿತು. ಇಬ್ಬರು ಮುದುಕಿಯರು ಬಂದು ಅವಳ ಹಣೆ ಮುಟ್ಟಿ ನೋಡಿದರು. ಒಬ್ಬಳು ಪಾದ್ರಿಗೆ ಹೇಳಿಕಳಿಸಲೇ ಎಂದು ನನ್ನನ್ನು ಮೆಲ್ಲಗೆ ಕೇಳಿದಳು.

ಶನಿವಾರ ನಾನು ಬಟ್ಟೆ ಒಗೆಯುತ್ತಿದ್ದೆ. ಕಲೋಲಾಳ ಕಾಡಿನ ನಿಲುವಂಗಿಯ ಜೇಬಿಗೆ ಕೈ ಹಾಕಿದರೆ ಅಂಟಂಟು. ಹೊರಗೆ ತೆಗೆದೆ. ಮಡಚಿದ ಎಲೆ. ನನ್ನದೇ ಗಂಟು, ನನ್ನದೇ ಕುಲೋಲೊ, ನೆಕ್ಕಿ ಸ್ವಚ್ಛ ಮಾಡಿದ್ದು. ಸುಮ್ಮನೆ ಬೆಕ್ಕಿಗೆ ಬೈದೆನಲ್ಲ ಎಂಬ ಯೋಚನೆ ಮೊದಲು ಬಂತು. ಎರಡನೆಯ ಯೋಚನೆ ಬಂದಾಗ ಒದ್ದೆ ಕೈಯಲ್ಲೇ ಕಟ್ಟೆಯ ಹತ್ತಿರ ಓಡಿದೆ.

"ಇದನ್ನ ಯಾವಾಗ ತಿಂದೆ?"

ಅವಳು ಎಲೆಯನ್ನು ನೋಡಿದಳು, ನನ್ನನ್ನು ನೋಡಲಿಲ್ಲ. "ಗುರುವಾರ."

"ಹಕ್ಕಿ ಬಂದು ಹೋದ್ಮೇಲೆ ತಾನೇ?"

"ಮುಂಚೆ."

"ಎಲ್ಲಿ ಕೂತು?"

"ಮರಕ್ಕೆ ಒರಗ್ಕೊಂಡು. ನಡುಮಧ್ಯ." ಅವಳು ನನ್ನ ಕೈಯಿಂದ ಎಲೆಯನ್ನು ತೆಗೆದುಕೊಂಡಳು. "ಬರ್ತಾ ದಾರೀಲಿ ತಿನ್ನೋಣ ಅಂತ ಇಟ್ಕೊಂಡಿದ್ದೆ ಕಣೆ. ಹೋದಾಗಿಂದ ಕೂತೆ, ಹಕ್ಕಿ ಬರ್ಲಿಲ್ಲ. ಮೊದಲೆಲ್ಲ ಅಲ್ಲಿ ನಂಗೆ ಹಸಿವೇ ಗೊತ್ತಾಗ್ತಿರ್ಲಿಲ್ಲ. ಈ ಸಲ ಗೊತ್ತಾಯ್ತು. ನಿನ್ನ ಕೈಯ ಕುಲೋಲೊ, ಜೇಬಿಂದ ವಾಸನೆ ಬೇರೆ. ಚೂರು ಅಂತ ತೆಗೆದೆ. ಕೈ ಅಂಟಾಯ್ತು, ಮರಕ್ಕೆ ಒರೆಸಿದೆ."

ಉಳಿದದ್ದನ್ನು ಅವಳು ಹೇಳಬೇಕಾಗಿರಲಿಲ್ಲ. ಒರೆಸಿದ ಕಡೆ ಸಿಹಿಗೆ ಇರುವೆ ಬಂದವು, ಸಣ್ಣ ನೊಣ ಬಂದವು. ಅವನ್ನು ಕಂಡು ಹಕ್ಕಿ ನಿಂತಿತು. ಏಳು ಸಲ ಕುಕ್ಕಿ ಏಳು ಹುಳ ತಿಂದು ಹೋಯಿತು. ಕಲೋಲಾ ಇಯೋನಾನ ಹತ್ತಿರ ಬಂದು, ಕುಕ್ಕಿತು ಅಂದಳು. ಕುಕ್ಕಿದ್ದು ನಿಜವೇ.

ನನಗೆ ಎಂಥ ಸಿಟ್ಟು ಬಂತೆಂದರೆ ಕೈಯಲ್ಲಿದ್ದ ಒದ್ದೆ ಬಟ್ಟೆಯಿಂದಲೇ ಅವಳಿಗೆ ಬಾರಿಸಬೇಕು ಅನ್ನಿಸಿತು. ಆದರೂ ಬಾಯಿಂದ ಬಂದದ್ದು ಬೇರೆ. "ಯಾರೂ ನೋಡಿಲ್ಲ. ಬಾಯ್ಮುಚ್ಕೊಂಡಿರು."

"ಸೋಮವಾರ ಕುಯ್ತಾರೆ."

"ಕುಯ್ಲಿ. ಈಗ ಹೇಳಿದ್ರೆ ನಿಂಗೆ ಈ ಊರಲ್ಲಿ ಏನು ಉಳಿಯುತ್ತೆ ಹೇಳು. ಇರೋದು ಅದೊಂದೇ ಕೆಲಸ." ಇಷ್ಟು ಹೊತ್ತಿಗೆ ನಾನೂ ಅಳುತ್ತಿದ್ದೆ. ಅವಳ ಹೆಸರಿನ ಮೇಲೆ ಮೂವತ್ತು ವರ್ಷ ಉರಿದುಕೊಂಡವಳು ಅದು ಹೋಗುತ್ತದೆ ಅಂದಾಗ ತಾಳಲಾರದೆ ಹೋದೆ.

"ಆ ಹಕ್ಕಿ ಒಂದು ದಿನವೂ ಸುಳ್ಳು ಹೇಳಿಲ್ಲ ಎಮಾ," ಅಂದಳು ಕಲೋಲಾ. "ನನ್ನಿಂದ ಅದು ಸುಳ್ಳು ಹೇಳಿದ ಹಾಗಾಯ್ತು."

ಭಾನುವಾರ ಚರ್ಚಿನ ಅಂಗಳದಲ್ಲಿ ಚಾಪೆ ಹಾಸಿ ಊಟಕ್ಕೆ ಕೂತಿದ್ದೆವು. ಏಳು ಕಟ್ಟು ಕುಲೋಲೊ ಬಿಚ್ಚಿಯಾಗಿತ್ತು. ಕಲೋಲಾ ಎದ್ದು ನಿಂತಳು. ಊಟದ ನಡುವೆ ಅವಳು ಏಳುವುದೆಂದರೆ ಜನ ತಿನ್ನುವುದು ಬಿಟ್ಟು ನೋಡುವಂಥ ಸಂಗತಿ. ಅವಳು ಇಯೋನಾನ ಮುಂದೆ ಹೋಗಿ, ಸುತ್ತಿ ಬಳಸದೆ, ಎಲ್ಲವನ್ನೂ ಹೇಳಿದಳು. ಕೈ ಒರೆಸಿದ್ದನ್ನೂ ಬಿಡಲಿಲ್ಲ.

ಯಾರೋ ಒಬ್ಬರು ಕೈಯಲ್ಲಿದ್ದ ಕುಲೋಲೊವನ್ನು ಮೆಲ್ಲನೆ ಎಲೆಯ ಮೇಲೆ ಇಟ್ಟರು.

ಇಯೋನಾ ತನ್ನ ಬೆರಳುಗಳನ್ನು ಒರೆಸಿಕೊಂಡ. ಆಮೇಲೆ ಕೇಳಿದ, "ಕೂರೋರು ತಿನ್ನಬಾರದು ಅಂತ ನಿಂಗೆ ಹೇಳಿದ್ದು ಯಾರು?"

"ನೀವೇ ಅಜ್ಜ."

"ತಿಂದೋರು ಮತ್ತೆ ಕೂರೋ ಹಾಗಿಲ್ಲ ಅಂತ ಹೇಳಿದ್ದು?"

"ನೀವೇ."

"ಹಂಗಾದ್ರೆ ಈಗ ನಾನೇನು ಹೇಳ್ಲಿ, ನೀನೇ ಹೇಳು."

ಅವಳು ತಲೆ ತಗ್ಗಿಸಿದಳು. ಅಲ್ಲಿಗೇ ಮುಗಿದಿದ್ದರೆ ಚೆನ್ನಾಗಿತ್ತು. ಮಕಾಯೊನ ನಾಲಿಗೆ ಕೆಟ್ಟದ್ದಲ್ಲ, ಆದರೆ ಕೊಡಲಿಗಿಂತ ಮೊದಲು ಬೀಳುತ್ತಿತ್ತು. "ಹದಿಮೂರು ಮರಕ್ಕೂ ತಿಂದ್ಕೊಂಡೇ ಕೂತಿದ್ರೋ ಏನೋ, ಯಾರಿಗ್ಗೊತ್ತು" ಅಂದುಬಿಟ್ಟ. ಒಂದಿಬ್ಬರು ನಕ್ಕರು. ನಕ್ಕವರೂ ಕೂಡಲೇ ನಿಲ್ಲಿಸಿದರು, ಯಾಕೆಂದರೆ ಅವಳು ಹೌದು ಅಂದ ದೋಣಿಗಳಲ್ಲಿ ಅವರೇ ದಿನಾ ಕಡಲಿಗೆ ಹೋಗುತ್ತಿದ್ದರು. ಒಬ್ಬ ತಿರುಗಿ ದಡದಲ್ಲಿದ್ದ ತನ್ನ ದೋಣಿಯ ಕಡೆ ನೋಡಿದ್ದು ನನ್ನ ಕಣ್ಣಿಗೆ ಬಿತ್ತು.

"ಇಲ್ಲ. ಇದೊಂದಕ್ಕೇ" ಅಂದಳು ಕಲೋಲಾ. ನಂಬಿದವರು ಎಷ್ಟು ಜನರೋ ನನಗೆ ಗೊತ್ತಿಲ್ಲ. ಮುಂದಿನ ಮರ ಹೋಯಿತು ಅನ್ನುವುದಕ್ಕಿಂತ ಹಿಂದಿನ ಹದಿಮೂರೂ ಹೋದವು ಅನ್ನುವುದು ಅವಳನ್ನು ಮುರಿಯಿತು. ಅವಳು ಕಟ್ಟೆಗೆ ಹೋಗಿ ಕೂರಲಿಲ್ಲ. ಮನೆಗೆ ಬಂದು ಪೊರಕೆ ಹಿಡಿದಳು. ನಲವತ್ತಾರು ವರ್ಷದಲ್ಲಿ ಮೊದಲ ಸಲ ಅವಳು ಗುಡಿಸಿದ್ದು. ಕಸ ಈ ಮೂಲೆಯಿಂದ ಆ ಮೂಲೆಗೆ ಹೋಯಿತು, ಅಷ್ಟೇ.

ಇತ್ತ ಚರ್ಚಿನ ಅಂಗಳದಲ್ಲಿ ಮಾತು ಮುಂದುವರಿದು, ಸೋಮವಾರದ ಗರಗಸ ನಿಂತಿತು. ಮರವನ್ನು ಇನ್ನೊಮ್ಮೆ ಹಕ್ಕಿಗೆ ತೋರಿಸಬೇಕು, ಸರಿ. ಕೂರುವವರು ಯಾರು? ಇಯೋನಾ ತಾನೇ ಕೂರೋಣವೆಂದರೆ ಕಣ್ಣಿನ ಪೊರೆ. ಮಕಾಯೊ ಕೂತರೆ ಹಕ್ಕಿಯ ಜೊತೆಗೂ ವಾದ ಮಾಡಿಯಾನು. ಇಯೋನಾ ನನ್ನ ಕಡೆ ಬೆರಳು ಮಾಡಿದ. "ಕುಲೋಲೊ ಮಾಡಿದೋಳು ಇವಳು. ಇವಳೇ ಬರ್ಲಿ."

ಇಡೀ ಅಂಗಳ ನಕ್ಕಿತು. ಪ್ರಾರ್ಥನೆಯ ಹೊತ್ತಿನಲ್ಲೂ ಬೆಂಚಿನ ಧೂಳು ಒರೆಸುವವಳು ನಾನು.

ಮಂಗಳವಾರ ಬೆಟ್ಟ ಹತ್ತಿದೆವು. ಮರದ ನಡುವನ್ನು ನೀರು ಹಾಕಿ ಉಜ್ಜಿ ತೊಳೆದರು. ಎಲ್ಲರೂ ಆಚೆ ಸರಿದರು. ನಾನು ಕೂತೆ. ಒಂದು ಹೊತ್ತು ಚೆನ್ನಾಗಿಯೇ ಕೂತೆ. ಆಮೇಲೆ ನೋಡಿದರೆ ನೆಲದ ತುಂಬ ಕೊಡಲಿಯ ಚಕ್ಕೆ, ಒಳ್ಳೆಯ ಒಣ ಸೌದೆ. ಹಾಳಾಗುತ್ತಲ್ಲ ಎಂದು ಕೈಗೆಟುಕಿದಷ್ಟು ಗುಡ್ಡೆ ಮಾಡಿದೆ. ಎದ್ದು ಇನ್ನಷ್ಟು ಗುಡ್ಡೆ ಮಾಡಿದೆ. ತಲೆಯೆತ್ತಿದರೆ ಕೊಂಬೆಯ ಮೇಲೆ ಎಲೆಪಾಯೊ ನನ್ನನ್ನೇ ನೋಡುತ್ತಿತ್ತು. ಬಾಲ ಕುಣಿಸಿ ಏನೋ ಬೈದು ಹೊರಟುಹೋಯಿತು. ಬುಧವಾರ ಕೈ ಕಟ್ಟಿಕೊಂಡು ಕೂತೆ. ಅವತ್ತು ಬೆನ್ನು ತುರಿಸಿತು, ಎರಡು ಸಲ ಸೀನಿದೆ, ಮನೆಯಲ್ಲಿ ಕಲೋಲಾ ಒಲೆ ಹಚ್ಚಿರಬಹುದು ಎಂಬ ಯೋಚನೆ ಬಂದು ಎದ್ದು ನಿಂತೇಬಿಟ್ಟೆ. ಹಕ್ಕಿ ಹತ್ತಿರವೂ ಸುಳಿಯಲಿಲ್ಲ.

"ಇನ್ನೊಂದು ದಿನ," ಅಂದ ಇಯೋನಾ. "ಆಮೇಲೆ ಈ ಚಳೀಲಿ ನನ್ನ ಕೈಲಾಗಲ್ಲ."

ಗುರುವಾರ ಬೆಳಿಗ್ಗೆ ಮಂಜಿನೊಳಗಿಂದ ಕಲೋಲಾ ಬಂದಳು. ಎರಡು ದಿನವಾದರೂ ನಾವು ಇಳಿದು ಬಾರದ್ದನ್ನು ಕಂಡು ಬೆಟ್ಟದ ಬುಡದಿಂದ ನಡೆದೇ ಹತ್ತಿದ್ದಳು. ಕತ್ತೆ ಇಲ್ಲ, ಜೊತೆಗೆ ಯಾರೂ ಇಲ್ಲ. ಏದುಸಿರು ಇಳಿಯುವ ತನಕ ಇಯೋನಾನ ಎದುರು ನಿಂತಿದ್ದು, ಆಮೇಲೆ ಹೇಳಿದಳು, "ಅಜ್ಜ, ನಾನು ಕಾಯೋಕೆ ಬಂದಿಲ್ಲ. ಇವಳನ್ನ ಹಿಡ್ಕೊಂಡು ಕೂರ್ತೀನಿ. ನೋಡಲ್ಲ."

"ನೋಡಲ್ಲ ಅಂದ್ರೆ?"

"ಕಣ್ಣು ಮುಚ್ಕೊಂಡಿರ್ತೀನಿ."

"ಬಟ್ಟೆ ಕಟ್ಟೋಣ ಮಾವ" ಅಂದ ಮಕಾಯೊ.

ಇಯೋನಾ ಅವನ ಕಡೆ ತಿರುಗಲೂ ಇಲ್ಲ. "ಬಟ್ಟೆ ಬೇಡ. ಹೋಗಿ ಕೂರಮ್ಮ."

ನಾನು ಕೂತೆ. ಅವಳು ನನ್ನ ಪಕ್ಕ ಬಂದು, ನನ್ನ ನಿಲುವಂಗಿಯ ಅಂಚನ್ನು ನೀಟಾಗಿ ಹರಡಿ, ಅದರ ಮೇಲೆ ಕೂತಳು. ಕಣ್ಣು ಮುಚ್ಚಿದಳು. ಆಮೇಲೆ ನನ್ನ ಎರಡೂ ಕೈಗಳನ್ನು ಎಳೆದು ತನ್ನ ಮಡಿಲಲ್ಲಿಟ್ಟು ಅವುಗಳ ಮೇಲೆ ತನ್ನ ಒಂದು ಕೈ ಇಟ್ಟಳು. ಏಳಲು ನೋಡಿದೆ. ಬಂಡೆಗೆ ಕಟ್ಟಿದ ಮೇಕೆಯ ಗತಿಯಾಯಿತು.

ಮೊದಲು ಸಿಟ್ಟು ಬಂತು. ಆಮೇಲೆ ಬೆನ್ನು ತುರಿಸಿತು. ತುರಿಸಿ ತುರಿಸಿ ತಾನೇ ನಿಂತಿತು. ಕೊಡಲಿ ಚಕ್ಕೆಗಳು ಕಂಡವು, ಅವು ಅಲ್ಲೇ ಬಿದ್ದಿದ್ದರೂ ಲೋಕ ಮುಳುಗಲಿಲ್ಲ. ಅಕ್ಕನ ಉಸಿರು ಕೇಳಿಸುತ್ತಿತ್ತು, ನಿಧಾನವಾಗಿ, ನಡುನಡುವೆ ಇಲ್ಲವೇ ಇಲ್ಲ ಅನ್ನುವಷ್ಟು. ನನ್ನದೂ ಅದರ ಜೊತೆಗೆ ಹೋಯಿತು. ಎಷ್ಟು ಹೊತ್ತಾಯಿತೋ, ಸೂರ್ಯ ಎಲ್ಲಿ ಬಂದನೋ, ನನಗೆ ತಿಳಿಯದು. ನನ್ನ ಬದುಕಿನಲ್ಲೇ ಇಷ್ಟು ಕಷ್ಟದ ಕೆಲಸ ನಾನು ಮಾಡಿರಲಿಲ್ಲ. ಇದನ್ನು ಅವಳು ಹದಿಮೂರು ಸಲ ಒಬ್ಬಳೇ ಮಾಡಿದ್ದಳು. ನಾನು ಮೂವತ್ತು ವರ್ಷ ಅದನ್ನು ಸೋಮಾರಿತನ ಎಂದು ಕರೆದಿದ್ದೆ. ಅಲ್ಲಿ ಕೂತು ನನಗೆ ನಾಚಿಕೆಯಾಯಿತು.

ಹಕ್ಕಿ ಬಂತು. ಮೊದಲು ಕಲೋಲಾಳ ಟೋಪಿಯ ಮೇಲೆ ಇಳಿಯಿತು. ಹಳೆಯ ಪರಿಚಯ ಇದ್ದೀತು. ಅಲ್ಲಿಂದ ಮರದ ಬುಡಕ್ಕೆ ಹಾರಿತು. ಬಾಲ ಎತ್ತಿ ಪುಟುಪುಟು ಓಡಿತು. ನಡುಮಧ್ಯಕ್ಕೆ ಬಂದು ನಿಂತಿತು.

ನನ್ನ ಕೈಗಳು ಅವಳ ಕೈಯ ಕೆಳಗೆ ಬಿಗಿದವು. ಅವಳು ಅವನ್ನು ಮೆಲ್ಲಗೆ ಒತ್ತಿದಳು. ನೋಡೋಣ ಎಂದು ಕಣ್ಣು ತೆರೆಯಲಿಲ್ಲ, ಏನಾಯಿತು ಎಂದು ಕೇಳಲಿಲ್ಲ.

ಹಕ್ಕಿ ತಲೆ ಓರೆ ಮಾಡಿ ತೊಗಟೆಯನ್ನು ನೋಡಿತು. ಅತ್ತ ಹೊರಳಿ ಇನ್ನೊಮ್ಮೆ ನೋಡಿತು. ಆಮೇಲೆ, ಇಲ್ಲಿ ತಿನ್ನುವುದಕ್ಕೆ ಏನೂ ಇಲ್ಲ ಎಂದು ಹೊರಟು, ಉಳಿದ ಮೂರೂವರೆ ಮಾರನ್ನು ಒಂದೇ ಓಟಕ್ಕೆ ಓಡಿ, ತುದಿಯಲ್ಲಿ ನಿಂತು ತನ್ನ ಹೆಸರನ್ನು ತಾನೇ ಕೂಗಿ ಹಾರಿಹೋಯಿತು.

ನಾನು ಗೊಳೋ ಎಂದು ಅತ್ತೆ. ಅಳು ಕೇಳಿ ಇಯೋನಾ, ಮಕಾಯೊ ಎಲ್ಲ ಓಡಿಬಂದರು. ಕೆಟ್ಟ ಸುದ್ದಿಯೆಂದೇ ಅವರ ಮುಖ ಬಿಳಿಚಿತ್ತು.

"ಕುಕ್ಕಲಿಲ್ಲ," ಅಂದೆ. "ಒಂದು ಕಡೆನೂ ಕುಕ್ಕಲಿಲ್ಲ. ನಾನೇ ನೋಡ್ದೆ."

ಮಕಾಯೊ ಟೋಪಿ ಮೇಲಕ್ಕೆಸೆದ. ಇಯೋನಾ ಮರದ ಮೇಲೆ ಕೈಯಿಟ್ಟು ಬುಡದಿಂದ ತುದಿಯ ತನಕ ನಡೆದ, ತುದಿಯಿಂದ ತಿರುಗಿ ನಡುವಿಗೆ ಬಂದ. ಎಲ್ಲರೂ ಒಟ್ಟಿಗೆ ಮಾತಾಡುತ್ತಿದ್ದರು. ಕಲೋಲಾ ಮಾತ್ರ ಕೂತೇ ಇದ್ದಳು, ಕಣ್ಣು ಮುಚ್ಚಿಕೊಂಡು.

"ಇನ್ನೂ ಯಾಕಮ್ಮ ಮುಚ್ಚಿದೀಯ?" ಅಂದ ಇಯೋನಾ.

"ತೆಗಿ ಅಂತ ಯಾರೂ ಹೇಳ್ಲಿಲ್ಲ" ಅಂದಳು.

ಮಕಾಯೊ ಬಿದ್ದ ಟೋಪಿಯನ್ನು ಹೆಕ್ಕಿ ಎದೆಗೆ ಹಿಡಿದುಕೊಂಡ. ಅವನು ಮಾತು ನುಂಗಿದ್ದನ್ನು ನಾನು ಕಂಡದ್ದು ಅದೊಂದೇ ಸಲ. ಇಯೋನಾ ಅವಳ ಮುಂದೆ ಕಷ್ಟಪಟ್ಟು ಮಂಡಿಯೂರಿ, ತನ್ನ ಒರಟು ಹೆಬ್ಬೆರಳಿನಿಂದ ಅವಳ ರೆಪ್ಪೆಗಳನ್ನು ಒಂದೊಂದಾಗಿ ಸವರಿದ. "ತೆಗಿ" ಅಂದ.

ದೋಣಿಗೆ ಹತ್ತು ತಿಂಗಳು ಹಿಡಿಯಿತು. ಕೊನೆಯ ಎರಡು ತಿಂಗಳು ಇಯೋನಾ ಉಳಿ ಹಿಡಿಯಲಾರದೆ ಪಕ್ಕದಲ್ಲಿ ಚಾಪೆಯ ಮೇಲೆ ಒರಗಿ, ಬೆರಳು ತೋರಿಸಿ ಮಕಾಯೊನಿಂದ ಮಾಡಿಸಿದ. ನೀರಿಗಿಳಿಸುವ ದಿನ ಅವನನ್ನು ಕುರ್ಚಿಯ ಸಮೇತ ಎತ್ತಿಕೊಂಡು ದಡಕ್ಕೆ ತಂದರು. ಕೋನಾ ಸೀಮೆಯ ಅರ್ಧ ಜನ ಅಲ್ಲಿದ್ದರು. ಪಾದ್ರಿ ಪ್ರಾರ್ಥನೆ ಹೇಳಿದ. ಮುದುಕಿಯರು ಅದರ ಹಿಂದೆಯೇ ಇನ್ನೊಂದನ್ನು ಮೆಲುದನಿಯಲ್ಲಿ ಹೇಳಿಕೊಂಡರು. ದೋಣಿ ಕಪ್ಪು ಮರಳಿನ ಮೇಲೆ ಜಾರಿ ನೀರಿಗಿಳಿದು ನೇರವಾಗಿ ನಿಂತಿತು. ಒಂದು ಹನಿ ಒಳಗೆ ಬರಲಿಲ್ಲ.

ಕೂಗಾಟ ಅಡಗಿದ ಮೇಲೆ ಇಯೋನಾ ಕಲೋಲಾಳನ್ನು ಹತ್ತಿರ ಕರೆದ. ಅವನ ದನಿ ಹೋಗಿತ್ತು. ಆದರೂ ಎಲ್ಲರಿಗೂ ಕೇಳಿಸಲಿ ಎಂದು ಉಸಿರು ಕೂಡಿಸಿಕೊಂಡು ಹೇಳಿದ, "ಆ ಹದಿಮೂರರಲ್ಲಿ ಒಂದಕ್ಕೂ ನೀನು ತಿಂದಿಲ್ಲ. ನಂಗೊತ್ತು. ಮುಂದಿನ ಮರಕ್ಕೆ ನೀನೇ ಬಂದು ಕೂರು."

ಅವನಿಗೆ ಮುಂದಿನ ಮರ ಇಲ್ಲವೆಂದು ಅಲ್ಲಿದ್ದ ಎಲ್ಲರಿಗೂ ಗೊತ್ತಿತ್ತು. ಅವನಿಗೂ ಗೊತ್ತಿತ್ತು, ಅವಳಿಗೂ ಗೊತ್ತಿತ್ತು.

ಕಲೋಲಾ ಅವನ ಕುರ್ಚಿಯ ಪಕ್ಕ ಮರಳಿನ ಮೇಲೆ ಕೂತು ಅವನ ಕೈ ಹಿಡಿದುಕೊಂಡಳು.

"ಬರ್ತೀನಿ ಅಜ್ಜ," ಅಂದಳು. "ಈ ಸಲ ಮನೇಲೇ ಉಂಡು ಬರ್ತೀನಿ."